ಹಿಂದೆ ನಿಂತು ಕಾಯ್ದವನು: ಕಾರ್ಲೆಸ್ ಪುಯೋಲ್



ನಾಲ್ಕು ವರ್ಷಗಳಿಗೊಮ್ಮೆ ವಿಶ್ವಕಪ್ ಫುಟ್ಬಾಲ್ ಬಂತೆಂದರೆ ನಮ್ಮ ಕಾಸರಗೋಡಿನ ಕವಲುದಾರಿಗಳಲ್ಲಿಯೂ ಬಸ್ ನಿಲ್ದಾಣಗಳ ಬಳಿಯಲ್ಲಿಯೂ ಆಳೆತ್ತರವನ್ನು ಮೀರಿದ ಆಟಗಾರರ ಚಿತ್ರಗಳು ಎದ್ದು ನಿಲ್ಲುವುದನ್ನು ನೀವೆಲ್ಲರೂ ಕಂಡಿದ್ದೀರಿ. ಮೆಸ್ಸಿ, ನೇಮರ್, ರೊನಾಲ್ಡೊ ಎಂಬ ಹೆಸರುಗಳು ಒಂದನೆಯ ತರಗತಿಯ ಮಗುವಿಗೂ ಗೊತ್ತು. ಆ ಚಿತ್ರಗಳನ್ನು ಒಮ್ಮೆ ಗಮನವಿಟ್ಟು ನೋಡಿರಿ. ಅವು ಗೋಲು ಹೊಡೆಯುವವರ ಚಿತ್ರಗಳು. ಗೋಲಾಗದಂತೆ ತಡೆಯುವವನ ಚಿತ್ರವನ್ನು ಯಾರಾದರೂ ಹಲಗೆಗೆ ಅಂಟಿಸಿ ದಾರಿಯ ಬದಿಯಲ್ಲಿ ನಿಲ್ಲಿಸಿದುದನ್ನು ನಾನಂತೂ ಕಂಡಿಲ್ಲ.

ಕಳೆದ ವರ್ಷ ನಮ್ಮ ಶಾಲಾ ತಂಡವನ್ನು ಆರಿಸುತ್ತಿದ್ದ ದಿನ ಎಂಟನೆಯ ತರಗತಿಯ ಬಾಲಕನೊಬ್ಬನು ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತನು. “ಸರ್, ನನ್ನನ್ನು ಬ್ಯಾಕಿಗೆ ಹಾಕಿದ್ದಾರೆ. ನಾನು ಆಡುವುದಿಲ್ಲ” ಎಂದನು. ಅವನ ಕಣ್ಣು ತುಂಬಿತ್ತು. ಮರುದಿನ ಅವನ ತಂದೆಯೂ ಬಂದರು. “ಮಾಸ್ಟ್ರೇ, ಹುಡುಗ ರಾತ್ರಿ ಊಟ ಮಾಡಲಿಲ್ಲ. ಅವನು ಅಷ್ಟೊಂದು ಪ್ರಯೋಜನಕ್ಕಿಲ್ಲದವನಾ?” ಎಂದು ಕೇಳಿದರು. ತಂಡದಲ್ಲಿ ಎಲ್ಲ ಸ್ಥಾನಗಳೂ ಸಮಾನವೆಂದು ಹೇಳಿ ಅವರನ್ನು ಕಳುಹಿಸಿದೆನು. ಅವರು ಹೋದ ಮೇಲೆ ನನಗೇ ನಾಚಿಕೆಯಾಯಿತು. ನನ್ನ ಕೋಣೆಯ ಗೋಡೆಯ ಮೇಲೆ ತೂಗುವ ಹಲಗೆಯಲ್ಲಿಯೂ ಮೊದಲ ಸ್ಥಾನ ಪಡೆದವರ ಹೆಸರುಗಳೇ ಇವೆಯಷ್ಟೆ! ನಾನಾಡಿದ ಮಾತು ನಿಜವೆಂದು ತೋರಿಸಲು ಆಗ ನನ್ನ ನಾಲಗೆಯ ಮೇಲೆ ಒಂದು ನಿದರ್ಶನವೂ ಇರಲಿಲ್ಲ. ಅಂದು ಕೊಡಲಾರದೆ ಹೋದ ಉತ್ತರವನ್ನು ಈ ಪಾಠದ ರೂಪದಲ್ಲಿ ಕೊಡಲು ಯತ್ನಿಸುತ್ತೇನೆ. ಸ್ಪೇನ್ ದೇಶದ ರಕ್ಷಣಾ ಆಟಗಾರನಾಗಿದ್ದು, ೨೦೧೪ರಲ್ಲಿ ಆಟದಿಂದ ನಿವೃತ್ತನಾದ ಕಾರ್ಲೆಸ್ ಪುಯೋಲನ ಕಥೆಯೇ ಆ ಉತ್ತರ.

೧. ಕಾವಲಿನ ಕೆಲಸ

ಮೊದಲು ಹಿಂದಿನ ಆಟಗಾರನ ಕೆಲಸವೇನೆಂಬುದನ್ನು ತಿಳಿಯೋಣ. ದೊಡ್ಡ ಪಂದ್ಯಗಳ ಅಂಗಣವು ಸಾಮಾನ್ಯವಾಗಿ ೧೦೫ ಮೀಟರು ಉದ್ದ, ೬೮ ಮೀಟರು ಅಗಲವಾಗಿರುತ್ತದೆ. ಎರಡು ತುದಿಗಳಲ್ಲಿರುವ ಗೋಲಿನ ಚೌಕಟ್ಟು ೭.೩೨ ಮೀಟರು ಅಗಲ, ೨.೪೪ ಮೀಟರು ಎತ್ತರ. ಇಷ್ಟು ದೊಡ್ಡ ಬಾಗಿಲನ್ನು ಗೋಲ್‌ಕೀಪರನೊಬ್ಬನೇ ಕಾಯಲಾರನು. ಆದುದರಿಂದ ಅವನ ಮುಂದೆ ಸಾಮಾನ್ಯವಾಗಿ ನಾಲ್ವರು ನಿಲ್ಲುತ್ತಾರೆ. ಇಬ್ಬರು ಎಡಬಲಗಳ ಅಂಚಿನಲ್ಲಿ, ಇಬ್ಬರು ನಡುವಿನಲ್ಲಿ.

ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿಯುವುದು, ಅವನು ಒದೆಯುವ ಚೆಂಡಿಗೆ ಮೈಯೊಡ್ಡುವುದು, ಮೇಲಿನಿಂದ ಬರುವ ಚೆಂಡನ್ನು ತಲೆಯಿಂದ ದೂರಕ್ಕೆ ತಳ್ಳುವುದು, ಇವು ಕಣ್ಣಿಗೆ ಕಾಣುವ ಕೆಲಸಗಳು. ಕಣ್ಣಿಗೆ ಕಾಣದ ಕೆಲಸ ಇವಕ್ಕಿಂತ ದೊಡ್ಡದು. ಚೆಂಡು ಎಲ್ಲಿಗೆ ಬರಲಿದೆಯೆಂದು ಮೊದಲೇ ಊಹಿಸಿ, ಎರಡು ಹೆಜ್ಜೆ ಮುಂಚಿತವಾಗಿ ಅಲ್ಲಿ ಹೋಗಿ ನಿಲ್ಲಬೇಕು. ಹಾಗೆ ನಿಂತರೆ ಎದುರಾಳಿ ಆ ಕಡೆಗೆ ಚೆಂಡನ್ನು ಕೊಡುವುದೇ ಇಲ್ಲ. ಆಫ್‌ಸೈಡ್ ನಿಯಮವನ್ನು ನೀವು ಬಲ್ಲಿರಿ. ಎದುರಾಳಿಯ ಅರ್ಧಭಾಗದಲ್ಲಿರುವ ಆಟಗಾರನಿಗೆ ಜೊತೆಗಾರನು ಚೆಂಡನ್ನು ಕೊಡುವ ಕ್ಷಣದಲ್ಲಿ, ಅವನು ಚೆಂಡಿಗಿಂತಲೂ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲುಗೆರೆಗೆ ಹತ್ತಿರವಾಗಿದ್ದು ಆ ಆಟದಲ್ಲಿ ಪಾಲುಗೊಂಡರೆ ತಪ್ಪು. ಹಿಂದಿನ ನಾಲ್ವರೂ ಒಂದೇ ಗೆರೆಯಲ್ಲಿ ಮುಂದೆ ಸರಿದರೆ ಎದುರಾಳಿ ಈ ಬಲೆಗೆ ಬೀಳುತ್ತಾನೆ. ನಾಲ್ವರಲ್ಲಿ ಒಬ್ಬನು ಅರೆಹೆಜ್ಜೆ ಹಿಂದುಳಿದರೂ ಬಲೆ ಹರಿಯುತ್ತದೆ. ಆದುದರಿಂದ ನಡುವಿನಲ್ಲಿ ನಿಂತವನು ಪಂದ್ಯದುದ್ದಕ್ಕೂ ಕೂಗಿ ಕೂಗಿ ಎಲ್ಲರನ್ನೂ ಒಂದು ಸಾಲಿನಲ್ಲಿ ಇಡಬೇಕು.

ಗೋಲು ಹೊಡೆದವನ ಹೆಸರನ್ನು ನಿಮಿಷದ ಸಹಿತ ಪತ್ರಿಕೆಯಲ್ಲಿ ಅಚ್ಚು ಹಾಕುತ್ತಾರೆ. ಆಗದೆ ಹೋದ ಗೋಲಿಗೆ ಪತ್ರಿಕೆಯಲ್ಲಿ ಸ್ಥಳವಿಲ್ಲ. ತೊಂಬತ್ತು ನಿಮಿಷ ಕಾಯ್ದವನು ಒಂದು ಕ್ಷಣ ಎಡವಿದರೆ ಮಾತ್ರ ಅವನ ಹೆಸರು ಎಲ್ಲರ ಬಾಯಲ್ಲಿ ಬರುತ್ತದೆ. ಈ ಕಷ್ಟವನ್ನು ಅರಿತುಕೊಂಡು ಮುಂದೆ ಓದಿರಿ.

೨. ಬೆಟ್ಟದ ಬುಡದ ಊರು

ಸ್ಪೇನಿನ ಈಶಾನ್ಯ ಭಾಗದಲ್ಲಿ ಕತಲೂನ್ಯ ಎಂಬ ಪ್ರಾಂತವಿದೆ. ಅದರ ಉತ್ತರದ ಗಡಿಯಲ್ಲಿ ಪಿರೆನೀಸ್ ಪರ್ವತಗಳು ಸಾಲುಗಟ್ಟಿವೆ. ಆ ಪರ್ವತಗಳ ಕೆಳಗೆ, ನೊಗೇರ ಪಲ್ಯಾರೇಸ ಎಂಬ ನದಿಯ ಬಳಿ, ಸುಮಾರು ಮೂರು ಸಾವಿರ ಜನರು ವಾಸಿಸುವ ಲ ಪೊಬ್ಲ ದೆ ಸೆಗುರ್ ಎಂಬ ಊರಿದೆ. ಹಿಂದಿನ ಕಾಲದಲ್ಲಿ ಬೆಟ್ಟದ ಮರಗಳನ್ನು ಕಡಿದು ತೆಪ್ಪಗಳಾಗಿ ಕಟ್ಟಿ, ಅವುಗಳ ಮೇಲೆ ನಿಂತು ನದಿಯ ಸೆಳೆತದಲ್ಲಿ ಸಾಗಿಸುತ್ತಿದ್ದ ಸಾಹಸಿಗರ ಊರಿದು. ಇಲ್ಲಿ ೧೯೭೮ರ ಏಪ್ರಿಲ್ ೧೩ರಂದು ಪುಯೋಲನು ಜನಿಸಿದನು.

ಆತನ ಮನೆಮಾತು ಕತಲಾನ್. ಜನರಲ್ ಫ್ರಾಂಕೋ ಸ್ಪೇನನ್ನು ಆಳಿದ ೧೯೩೯ರಿಂದ ೧೯೭೫ರ ವರೆಗಿನ ಅವಧಿಯಲ್ಲಿ ಸರಕಾರಿ ವ್ಯವಹಾರದಲ್ಲಿ ಆ ಭಾಷೆಗೆ ಎಡೆಯಿರಲಿಲ್ಲ. ಶಾಲೆಗಳಿಂದಲೂ ಅದನ್ನು ಹೊರಗಿಟ್ಟಿದ್ದರು. ೧೯೮೩ರ ಕಾನೂನೊಂದು ಕತಲೂನ್ಯದ ಶಾಲೆಗಳಲ್ಲಿ ಅದಕ್ಕೆ ಮತ್ತೆ ಸ್ಥಾನ ಕೊಟ್ಟಿತು. ಆಗ ಪುಯೋಲನಿಗೆ ಐದು ವರ್ಷ. ಹೀಗೆ ಮಾತು ಶಾಲೆಗೆ ಮರಳಿ ಬರುತ್ತಿದ್ದ ಕಾಲದಲ್ಲಿ ಆತನೂ ಶಾಲೆಗೆ ಹೋದನು. ತಮ್ಮ ನುಡಿಯಲ್ಲಿ ಓದುವುದೆಂದರೇನೆಂಬುದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ನಾಯಕನಾದಾಗ ಆತನು ತೋಳಿಗೆ ಕಟ್ಟಿದ ಪಟ್ಟಿಯಲ್ಲಿ ಕತಲೂನ್ಯದ ಧ್ವಜದ ಹಳದಿ ಕೆಂಪು ಗೆರೆಗಳಿದ್ದವು.

ಬಾಲ್ಯದಲ್ಲಿ ಆತನು ಆಡಿದುದು ಗೋಲ್‌ಕೀಪರನ ಸ್ಥಾನದಲ್ಲಿ. ಭುಜಗಳಿಗೆ ತೊಂದರೆಯಾದುದರಿಂದ ಆ ಸ್ಥಾನವನ್ನು ಬಿಡಬೇಕಾಯಿತು. ಆಗ ಮುಂದಿನ ಸಾಲಿಗೆ ಬಂದು ಗೋಲು ಹೊಡೆಯುವವನಾದನು. ಬಾಲಕನಾಗಿದ್ದಾಗ ಪುಯೋಲನು ಬ್ಯಾಕ್ ಆಗಿರಲೇ ಇಲ್ಲವೆಂಬುದನ್ನು ಇಲ್ಲಿ ಗುರುತಿಸಿಕೊಳ್ಳಿರಿ.

೩. ತಡವಾಗಿ ಬಂದ ವಿದ್ಯಾರ್ಥಿ

ಕತಲೂನ್ಯದ ರಾಜಧಾನಿಯಾದ ಬಾರ್ಸಿಲೋನ ನಗರದಲ್ಲಿ ೧೮೯೯ರಲ್ಲಿ ಸ್ಥಾಪನೆಯಾದ ಪ್ರಸಿದ್ಧ ಫುಟ್ಬಾಲ್ ಕ್ಲಬ್ಬಿದೆ. ೧೭೦೨ರಲ್ಲಿ ಕಟ್ಟಿದ ಒಂದು ಹಳೆಯ ಕಲ್ಲಿನ ತೋಟದ ಮನೆಯನ್ನು ಆ ಕ್ಲಬ್ಬು ೧೯೭೯ರಿಂದ ೨೦೧೧ರ ವರೆಗೆ ದೂರದೂರುಗಳಿಂದ ಬಂದ ಬಾಲಕರ ವಸತಿಗೃಹವಾಗಿ ನಡೆಸಿತು. ಅದರ ಹೆಸರು ಲ ಮಸೀಯ. ಪುಯೋಲನ ಜೊತೆಗಾರರಾಗಿ ಲೋಕಪ್ರಸಿದ್ಧರಾದವರು ಎಳೆವಯಸ್ಸಿನಲ್ಲಿಯೇ ಈ ಕ್ಲಬ್ಬಿನ ಶಿಕ್ಷಣಕ್ಕೆ ಸೇರಿದವರು. ಕ್ಸಾವಿ ಬಂದುದು ೧೧ನೆಯ ವಯಸ್ಸಿನಲ್ಲಿ, ಇನಿಯೆಸ್ತ ೧೨ರಲ್ಲಿ, ಮೆಸ್ಸಿ ೧೩ರಲ್ಲಿ. ಪುಯೋಲನು ೧೯೯೫ರಲ್ಲಿ ಬಂದಾಗ ಆತನಿಗೆ ೧೭ ವರ್ಷ ತುಂಬಿತ್ತು. ಉಳಿದವರು ಆರೇಳು ವರ್ಷ ಕಲಿತ ಪಾಠವನ್ನು ಆತನು ಆಗ ಮೊದಲಿನಿಂದ ಆರಂಭಿಸಬೇಕಾಗಿತ್ತು.

ಅಲ್ಲಿಯ ಶಿಕ್ಷಕರು ಆತನನ್ನು ಮುಂದಿನ ಸಾಲಿನಿಂದ ನಡುವಿನ ಸಾಲಿಗೆ ತಂದರು. ಅನಂತರ ನಡುವಿನಿಂದ ಹಿಂದಿನ ಬಲ ಅಂಚಿಗೆ ಸರಿಸಿದರು. ಕೆಲವು ವರ್ಷಗಳ ಮೇಲೆ ಅಂಚಿನಿಂದ ರಕ್ಷಣೆಯ ನಡುವಿಗೆ ಬಂದನು. ಒಮ್ಮೊಮ್ಮೆ ಸ್ಥಳ ಬದಲಾಯಿಸಿದಾಗಲೂ ಆಟವನ್ನು ಹೊಸದಾಗಿ ಕಲಿಯಬೇಕು. ನೋಡುವ ದಿಕ್ಕು ಬೇರೆ, ಓಡುವ ಬಗೆ ಬೇರೆ. ಗೋಲ್‌ಕೀಪರನಾಗಿ ನಿಂತ ಅನುಭವವೂ, ಗೋಲು ಹೊಡೆಯಲು ನುಗ್ಗಿದ ಅನುಭವವೂ ಆತನಿಗೆ ಹಿಂದೆ ನಿಂತಾಗ ಉಪಯೋಗಕ್ಕೆ ಬಂದಿರಬೇಕು. ಕಳ್ಳನ ದಾರಿಯನ್ನು ಬಲ್ಲವನೇ ಒಳ್ಳೆಯ ಕಾವಲುಗಾರನಲ್ಲವೇ?

೧೯೯೮ರಲ್ಲಿ ಆತನ ಜೀವನದ ಕವಲುದಾರಿ ಬಂತು. ಆಗ ೨೦ ವರ್ಷ. ಕ್ಲಬ್ಬು ಆತನನ್ನು ಮಾಲಗ ತಂಡಕ್ಕೆ ಮಾರಲು ಒಪ್ಪಿತ್ತು. ಮುಖ್ಯ ತಂಡದಲ್ಲಿ ಆತನಿಗೆ ಸ್ಥಳವಾಗದೆಂಬುದೇ ಇದರ ಅರ್ಥ. ಅದೇ ಕಾಲದಲ್ಲಿ ಗೆಳೆಯ ಕ್ಸಾವಿ ಮುಖ್ಯ ತಂಡದ ಪರವಾಗಿ ಮೊದಲ ಬಾರಿಗೆ ಆಡಿದನು. ಅದನ್ನು ಕಂಡ ಪುಯೋಲನು ತಾನೂ ಅಲ್ಲಿಗೇರಬಲ್ಲೆನೆಂದು ನಿಶ್ಚಯಿಸಿ ಮಾಲಗಕ್ಕೆ ಹೋಗಲು ನಿರಾಕರಿಸಿದನು. ಗೆಳೆಯನ ಏಳಿಗೆ ಆತನಲ್ಲಿ ಅಸೂಯೆಯನ್ನು ಹುಟ್ಟಿಸದೆ ಛಲವನ್ನು ಹುಟ್ಟಿಸಿತು.

೪. ಫಲವಿಲ್ಲದ ಐದು ವರ್ಷಗಳು

೧೯೯೯ರ ಅಕ್ಟೋಬರ್ ೨ರಂದು, ಡಚ್ ಶಿಕ್ಷಕ ಲೂಯಿ ವಾನ್ ಗಾಲನ ಕೈಕೆಳಗೆ, ವಯ್ಯಾದೊಲಿದ್ ತಂಡದ ವಿರುದ್ಧ ಪುಯೋಲನು ಮುಖ್ಯ ತಂಡದಲ್ಲಿ ಮೊದಲ ಬಾರಿಗೆ ಆಡಿದನು. ಭುಜದ ವರೆಗೆ ಇಳಿಯುತ್ತಿದ್ದ ಆತನ ಗುಂಗುರು ಕೂದಲನ್ನು ಕಂಡು, ಕ್ಷೌರಕ್ಕೆ ಹಣವಿಲ್ಲವೇ ಎಂದು ವಾನ್ ಗಾಲನು ಕೇಳಿದನೆಂದು ಹೇಳುತ್ತಾರೆ. ಕೂದಲು ಹಾಗೆಯೇ ಉಳಿಯಿತು. ಮುಂದೆ ಅದೇ ಆತನ ಗುರುತಾಯಿತು.

೨೦೦೦ದ ಬೇಸಗೆಯಲ್ಲಿ ಬಾರ್ಸಿಲೋನದ ಪ್ರೀತಿಪಾತ್ರ ಆಟಗಾರನಾಗಿದ್ದ ಪೋರ್ಚುಗಲಿನ ಲೂಯಿಸ್ ಫಿಗೋ ಬದ್ಧ ಪ್ರತಿಸ್ಪರ್ಧಿಯಾದ ರಿಯಲ್ ಮಾಡ್ರಿಡ್ ತಂಡಕ್ಕೆ ಹೊರಟುಹೋದನು. ಆ ವರ್ಷ ಯೂರೋಪಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದವನೂ ಅವನೇ. ಅಕ್ಟೋಬರ್ ೨೧ರಂದು ಅವನು ಎದುರಾಳಿಯಾಗಿ ಮರಳಿ ಬಂದಾಗ ಅವನನ್ನು ಕಾಯುವ ಕೆಲಸವು ೨೨ ವರ್ಷದ ಪುಯೋಲನ ಪಾಲಿಗೆ ಬಂತು. ಫಿಗೋ ಎಲ್ಲಿ ಹೋದರೆ ಅಲ್ಲಿ ಪುಯೋಲನು. ನೆರಳಿನಂತೆ ಹಿಂಬಾಲಿಸಿ ಅವನಿಗೆ ಆಡಲು ಎಡೆಗೊಡಲಿಲ್ಲ. ಬಾರ್ಸಿಲೋನ ೨-೦ ಗೋಲುಗಳಿಂದ ಗೆದ್ದಿತು. ಗೋಲು ಹೊಡೆದವರು ಬೇರೆಯವರು. ಆದರೆ ಆ ಪಂದ್ಯವನ್ನು ನೆನೆಯುವವರು ಪುಯೋಲನ ಕಾವಲನ್ನೂ ನೆನೆಯುತ್ತಾರೆ.

೨೦೦೨ರಲ್ಲಿ ಮಾಸ್ಕೋದ ಲೊಕೊಮೊತಿವ್ ತಂಡದ ವಿರುದ್ಧದ ಪಂದ್ಯದಲ್ಲಿ ಇನ್ನೊಂದು ಘಟನೆ ನಡೆಯಿತು. ಗೋಲ್‌ಕೀಪರನು ಜಾಗ ಬಿಟ್ಟು ಹೊರಬಂದಿದ್ದನು. ಎದುರಾಳಿ ಬರಿದಾದ ಗೋಲಿನತ್ತ ಚೆಂಡನ್ನು ಒದೆದನು. ಪುಯೋಲನು ಕೈಗಳನ್ನು ಹಿಂದಕ್ಕೆ ಇಟ್ಟು ಎದೆಯೊಡ್ಡಿ ನಿಂತನು. ಚೆಂಡು ಅಂಗಿಯ ಮೇಲಿದ್ದ ಕ್ಲಬ್ಬಿನ ಲಾಂಛನಕ್ಕೆ ಬಡಿದು ಹಿಂದಿರುಗಿತು. ಆ ಚಿತ್ರವನ್ನು ಬಾರ್ಸಿಲೋನದ ಜನರು ಇಂದಿಗೂ ಮರೆತಿಲ್ಲ.

ಹೀಗಿದ್ದರೂ ಒಂದು ಸಂಗತಿಯನ್ನು ಬಚ್ಚಿಡಬಾರದು. ೧೯೯೯ರಿಂದ ೨೦೦೪ರ ವರೆಗಿನ ಐದು ಋತುಗಳಲ್ಲಿ ಬಾರ್ಸಿಲೋನಕ್ಕೆ ಒಂದೇ ಒಂದು ಪ್ರಮುಖ ಕಪ್ಪೂ ಸಿಗಲಿಲ್ಲ. ರಾಷ್ಟ್ರೀಯ ತಂಡದಲ್ಲಿಯೂ ಹಾಗೆಯೇ. ೨೦೦೦ದ ಸಿಡ್ನಿ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಕ್ಯಾಮರೂನಿನ ಎದುರು ಪೆನಾಲ್ಟಿಗಳಲ್ಲಿ ಸೋಲಾಗಿ ಬೆಳ್ಳಿಯ ಪದಕ ದೊರೆಯಿತು. ೨೦೦೨ರ ವಿಶ್ವಕಪ್ಪಿನಲ್ಲಿ ದಕ್ಷಿಣ ಕೊರಿಯ, ೨೦೦೬ರಲ್ಲಿ ಫ್ರಾನ್ಸ್ ಸ್ಪೇನನ್ನು ಹೊರಗೆ ಹಾಕಿದವು. ೨೬ನೆಯ ವಯಸ್ಸಿನ ವರೆಗೆ ಕ್ಲಬ್ಬಿನ ಪರವಾಗಿ ಗೆದ್ದುದೇನೆಂದು ಯಾರಾದರೂ ಕೇಳಿದ್ದರೆ ಪುಯೋಲನಿಗೆ ತೋರಿಸಲು ಕಪ್ಪೊಂದೂ ಇರಲಿಲ್ಲ. ನಮ್ಮಲ್ಲಿ ಹತ್ತನೆಯ ತರಗತಿಯ ಒಂದು ಅಂಕಪಟ್ಟಿಯನ್ನು ಕಂಡೇ ಮಗುವಿನ ಮುಂದಿನ ಬಾಳಿನ ಲೆಕ್ಕವನ್ನು ಮುಗಿಸಿಬಿಡುವವರಿದ್ದಾರೆ. ಅವರು ಈ ಐದು ವರ್ಷಗಳನ್ನು ನೆನಪಿನಲ್ಲಿಡಬೇಕು.

೫. ನಾಯಕನಾದ ಮೇಲೆ

೨೦೦೪ರಲ್ಲಿ ಪುಯೋಲನು ಬಾರ್ಸಿಲೋನದ ನಾಯಕನಾದನು. ಅಲ್ಲಿಂದ ನಿವೃತ್ತಿಯ ವರೆಗೆ ಹತ್ತು ವರ್ಷ ಆ ಹೊಣೆಯನ್ನು ಹೊತ್ತನು. ಮೊದಲ ಋತುವಿನಲ್ಲಿಯೇ ತಂಡ ಸ್ಪೇನಿನ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಆತನ ಕಾಲದಲ್ಲಿ ಲೀಗ್ ಪ್ರಶಸ್ತಿ ಆರು ಬಾರಿ ಬಂತು. ಯೂರೋಪಿನ ಚಾಂಪಿಯನ್ಸ್ ಲೀಗ್ ಕಪ್ಪು ೨೦೦೬, ೨೦೦೯ ಮತ್ತು ೨೦೧೧ರಲ್ಲಿ, ಹೀಗೆ ಮೂರು ಬಾರಿ ಬಂತು.

ಸುಖದ ನಡುವೆ ದುಃಖವೂ ಬಂತು. ೨೦೦೬ರ ನವೆಂಬರಿನಲ್ಲಿ ತಂಡವು ಪಂದ್ಯವೊಂದಕ್ಕೆ ಪ್ರಯಾಣ ಮಾಡಿದ್ದಾಗ ಆತನ ತಂದೆ ಕೆಲಸದ ವೇಳೆ ಅಪಘಾತದಲ್ಲಿ ತೀರಿಕೊಂಡ ವಾರ್ತೆ ಮುಟ್ಟಿತು. ಆತನು ಅಲ್ಲಿಂದಲೇ ಮನೆಗೆ ಹಿಂದಿರುಗಿದನು. ಶೋಕವನ್ನು ನುಂಗಿಕೊಂಡು ಮತ್ತೆ ಬಂದು ತನ್ನ ಸ್ಥಳದಲ್ಲಿ ನಿಂತನು.

ನಾಯಕತ್ವವೆಂದರೇನೆಂಬುದಕ್ಕೆ ಎರಡು ಘಟನೆಗಳನ್ನು ಮಾತ್ರ ಹೇಳುತ್ತೇನೆ. ೨೦೧೨ರ ಏಪ್ರಿಲ್ ೨೯ರಂದು ಬಾರ್ಸಿಲೋನ ತಂಡವು ರಾಯೋ ವಯ್ಯೇಕಾನೊ ಎಂಬ ಸಣ್ಣ ತಂಡವನ್ನು ಅದರ ಅಂಗಣದಲ್ಲಿಯೇ ೭-೦ ಗೋಲುಗಳಿಂದ ಸೋಲಿಸಿತು. ಐದನೆಯ ಗೋಲಾದಾಗ ತಿಯಾಗೊ ಮತ್ತು ಆಲ್ವೆಸ್ ಎಂಬ ಜೊತೆಗಾರರು ಸಂಭ್ರಮದಿಂದ ಕುಣಿಯತೊಡಗಿದರು. ಪುಯೋಲನು ಓಡಿಬಂದು ಅವರ ಕುಣಿತವನ್ನು ನಿಲ್ಲಿಸಿ ಆಟಕ್ಕೆ ಹಿಂದಿರುಗಿಸಿದನು. ಬಿದ್ದವನ ಮುಂದೆ ಕುಣಿಯಬಾರದೆಂಬ ನೀತಿಯನ್ನು ಆತನು ಭಾಷಣ ಮಾಡಿ ಕಲಿಸಲಿಲ್ಲ.

ಎರಡನೆಯದು ಇದಕ್ಕಿಂತ ಒಂದು ವರ್ಷ ಹಿಂದಿನದು. ತಂಡದ ಇನ್ನೊಬ್ಬ ರಕ್ಷಣಾ ಆಟಗಾರನಾದ ಫ್ರಾನ್ಸಿನ ಎರಿಕ್ ಅಬಿದಾಲನ ಯಕೃತ್ತಿನಲ್ಲಿ ಗಡ್ಡೆಯೊಂದು ಕಂಡುಬಂದು, ೨೦೧೧ರ ಮಾರ್ಚ್ ೧೭ರಂದು ಶಸ್ತ್ರಚಿಕಿತ್ಸೆ ನಡೆಯಿತು. ಎರಡು ತಿಂಗಳು ದಾಟುವಷ್ಟರಲ್ಲಿ, ಮೇ ೨೮ರಂದು ಲಂಡನಿನ ವೆಂಬ್ಲಿ ಅಂಗಣದಲ್ಲಿ ನಡೆದ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯದಲ್ಲಿ ಅಬಿದಾಲನು ಆರಂಭದಿಂದ ಅಂತ್ಯದ ವರೆಗೆ ಆಡಿದನು. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ೩-೧ರ ಗೆಲುವು ದೊರೆಯಿತು. ಕಪ್ಪನ್ನು ಮೊದಲು ಎತ್ತುವುದು ನಾಯಕನ ಹಕ್ಕು. ಜೀವಮಾನದಲ್ಲಿ ಎಷ್ಟು ಜನಕ್ಕೆ ಆ ಭಾಗ್ಯ ದೊರೆಯುತ್ತದೆ! ಪುಯೋಲನು ತನ್ನ ತೋಳಿನ ಪಟ್ಟಿಯನ್ನು ಬಿಚ್ಚಿ ಅಬಿದಾಲನಿಗೆ ತೊಡಿಸಿ, ಕಪ್ಪನ್ನೆತ್ತಲು ಅವನನ್ನು ಮುಂದೆ ಕಳುಹಿಸಿದನು. ತಾನು ಅಲ್ಲಿಯೂ ಹಿಂದೆಯೇ ನಿಂತನು.

೬. ದರ್ಬಾನಿನ ರಾತ್ರಿ

ಸ್ಪೇನ್ ತಂಡ ೨೦೦೮ರಲ್ಲಿ ವಿಯೆನ್ನದ ಅಂತಿಮ ಪಂದ್ಯದಲ್ಲಿ ಜರ್ಮನಿಯನ್ನು ೧-೦ರಿಂದ ಸೋಲಿಸಿ ಯೂರೋಪಿನ ಪ್ರಶಸ್ತಿಯನ್ನು ಪಡೆಯಿತು. ೧೯೬೪ರ ಅನಂತರ ಆ ದೇಶಕ್ಕೆ ದೊರೆತ ಮೊದಲ ದೊಡ್ಡ ಪ್ರಶಸ್ತಿಯದು. ಎರಡು ವರ್ಷಗಳ ಬಳಿಕ ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್ ನಡೆಯಿತು. ಜೂನ್ ೧೬ರಂದು ದರ್ಬಾನ್ ನಗರದಲ್ಲಿ ನಡೆದ ಮೊದಲ ಪಂದ್ಯದಲ್ಲಿಯೇ ಸ್ಪೇನ್ ಸ್ವಿಟ್ಜರ್ಲೆಂಡಿನ ಎದುರು ೦-೧ರಿಂದ ಸೋತಿತು. ಅಷ್ಟಕ್ಕೆ ಧೈರ್ಯಗೆಡದೆ ಮುನ್ನಡೆದು, ಜುಲೈ ೭ರಂದು ಸೆಮಿಫೈನಲ್ ಪಂದ್ಯಕ್ಕಾಗಿ ಅದೇ ದರ್ಬಾನಿನ ಅದೇ ಅಂಗಣಕ್ಕೆ ಮರಳಿತು.

ಎದುರಾಳಿ ಜರ್ಮನಿ. ಅದು ಅದೇ ಕೂಟದಲ್ಲಿ ಆಸ್ಟ್ರೇಲಿಯದ ಮೇಲೆ ನಾಲ್ಕು, ಇಂಗ್ಲೆಂಡಿನ ಮೇಲೆ ನಾಲ್ಕು, ಅರ್ಜೆಂಟೀನದ ಮೇಲೆ ನಾಲ್ಕು ಗೋಲು ಹೊಡೆದಿದ್ದ ತಂಡ. ಸ್ಪೇನಿನ ಹಿಂದಿನ ಸಾಲಿನಲ್ಲಿ ರಾಮೋಸ್, ಪಿಕೆ, ಪುಯೋಲ್, ಕಾಪ್ದೆವಿಲ ಎಂಬ ನಾಲ್ವರು. ಅವರ ಬೆನ್ನಿಗೆ ಗೋಲ್‌ಕೀಪರ್ ಹಾಗೂ ನಾಯಕ ಕಸಿಯಾಸ್. ಅರ್ಧ ಆಟ ಮುಗಿಯಿತು, ಗೋಲಿಲ್ಲ. ಎಪ್ಪತ್ತು ನಿಮಿಷ ಕಳೆಯಿತು, ಗೋಲಿಲ್ಲ. ೭೩ನೆಯ ನಿಮಿಷದಲ್ಲಿ ಸ್ಪೇನಿಗೆ ಕಾರ್ನರ್ ಕಿಕ್ ದೊರೆಯಿತು. ಮಾಲಗಕ್ಕೆ ಹೋಗದಂತೆ ಪುಯೋಲನ ಮನಸ್ಸನ್ನು ತಡೆದ ಆ ಹಳೆಯ ಗೆಳೆಯ ಕ್ಸಾವಿಯೇ ಚೆಂಡನ್ನು ಮೂಲೆಯಿಂದ ಒದೆದನು. ದೂರದಿಂದ ಓಡಿಬಂದ ಪುಯೋಲನು ಎಲ್ಲರಿಗಿಂತ ಮೇಲಕ್ಕೆ ಜಿಗಿದು ತಲೆಯಿಂದ ಚೆಂಡನ್ನು ಗೋಲಿಗೆ ಬಾರಿಸಿದನು. ಆತನ ಎತ್ತರ ಕೇವಲ ೧.೭೮ ಮೀಟರು. ಆ ರಾತ್ರಿ ಆತನಿಗಿಂತ ಎತ್ತರದವರು ಅಂಗಣದಲ್ಲಿ ಅನೇಕರಿದ್ದರು. ೧-೦ರ ಗೆಲುವು ಸ್ಪೇನನ್ನು ಮೊದಲ ಬಾರಿಗೆ ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕೆ ಕೊಂಡೊಯ್ದಿತು.

ದೇಶದ ಪರವಾಗಿ ಆಡಿದ ೧೦೦ ಪಂದ್ಯಗಳಲ್ಲಿ ಪುಯೋಲನು ಹೊಡೆದ ಗೋಲುಗಳು ಮೂರೇ ಮೂರು. ಅವುಗಳಲ್ಲಿ ಒಂದು ಈ ಗೋಲು. ಹಾಗಾದರೆ ಆತನ ಹೆಸರು ಉಳಿದುದು ಆ ಒಂದು ಗೋಲಿನಿಂದ ತಾನೇ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದುದೇ. ಅದಕ್ಕೆ ಉತ್ತರವನ್ನು ಅಂಕೆಗಳೇ ಹೇಳುತ್ತವೆ. ಆ ವಿಶ್ವಕಪ್ಪಿನ ಏಳು ಪಂದ್ಯಗಳಲ್ಲಿ ಸ್ಪೇನ್ ಹೊಡೆದುದು ೮ ಗೋಲುಗಳನ್ನು ಮಾತ್ರ. ಅಷ್ಟು ಕಡಿಮೆ ಗೋಲು ಹೊಡೆದು ವಿಶ್ವಕಪ್ ಗೆದ್ದ ತಂಡ ಅದಕ್ಕೆ ಮೊದಲು ಇರಲಿಲ್ಲ. ಬಿಟ್ಟುಕೊಟ್ಟ ಗೋಲುಗಳು ಎರಡೇ. ಸೋತವರು ಹೊರಬೀಳಬೇಕಾದ ಕೊನೆಯ ನಾಲ್ಕು ಪಂದ್ಯಗಳಲ್ಲಿ ಪೋರ್ಚುಗಲ್, ಪರಾಗ್ವೆ, ಜರ್ಮನಿ, ಹಾಲೆಂಡ್ ಈ ನಾಲ್ಕನ್ನೂ ೧-೦ರಿಂದಲೇ ಗೆದ್ದಿತು. ಈ ಪಂದ್ಯಗಳಲ್ಲಿ ಎಲ್ಲಿಯಾದರೂ ಒಂದು ಗೋಲು ಹಿಂದಿನಿಂದ ಸೋರಿಹೋಗಿದ್ದರೆ ಮುಂದಿನವರ ಒಂದು ಗೋಲು ಸಾಲುತ್ತಿರಲಿಲ್ಲ. ಎಂಟು ಗೋಲುಗಳಿಂದ ವಿಶ್ವವನ್ನು ಗೆಲ್ಲಲು ಸಾಧ್ಯವಾದುದು ಹಿಂದಿನ ಬಾಗಿಲು ಭದ್ರವಾಗಿದ್ದುದರಿಂದ.

ಕಾಯುವವನೂ ಮನುಷ್ಯನೇ. ಜುಲೈ ೧೧ರಂದು ಜೊಹಾನ್ಸ್‌ಬರ್ಗಿನ ಅಂತಿಮ ಪಂದ್ಯದ ೮೩ನೆಯ ನಿಮಿಷದಲ್ಲಿ ಹಾಲೆಂಡಿನ ರೊಬೆನನು ಪುಯೋಲನನ್ನು ದಾಟಿ ಓಡಿದನು. ಆಗ ಕಸಿಯಾಸನು ಮುನ್ನುಗ್ಗಿ ಚೆಂಡನ್ನು ವಶಪಡಿಸಿಕೊಂಡನು. ಒಬ್ಬನ ಕೈಮೀರಿದುದನ್ನು ಮತ್ತೊಬ್ಬನು ಹಿಡಿದನು. ೧೧೬ನೆಯ ನಿಮಿಷದಲ್ಲಿ ಇನಿಯೆಸ್ತನು ಗೋಲು ಹೊಡೆದಾಗ ಸ್ಪೇನ್ ವಿಶ್ವವಿಜೇತವಾಯಿತು.

೭. ನಿಲ್ಲಿಸಬೇಕಾದ ವೇಳೆ

ಇಷ್ಟು ಪಂದ್ಯಗಳ ಬೆಲೆಯನ್ನು ದೇಹ ತೆರುತ್ತಲೇ ಇತ್ತು. ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದಾಗಿ ೨೦೧೨ರ ಯೂರೋಪಿಯನ್ ಕೂಟಕ್ಕೆ ಆತನು ಹೋಗಲಾಗಲಿಲ್ಲ. ಅದೇ ವರ್ಷ ಅಕ್ಟೋಬರ್ ೨ರಂದು ಲಿಸ್ಬನಿನಲ್ಲಿ ಬೆನ್ಫಿಕ ತಂಡದ ವಿರುದ್ಧ ಆಡುವಾಗ ಮೊಣಕೈಯ ಕೀಲು ತಪ್ಪಿತು. ೨೦೧೩ರ ಫೆಬ್ರುವರಿಯಲ್ಲಿ ದೋಹದಲ್ಲಿ ಉರುಗ್ವೆ ವಿರುದ್ಧ ದೇಶದ ಪರವಾಗಿ ನೂರನೆಯ ಪಂದ್ಯವನ್ನು ಆಡಿದನು. ಮೊಣಕಾಲು ಮಾತ್ರ ಹಿಂದಿನಂತಾಗಲಿಲ್ಲ.

೨೦೧೪ರ ಮಾರ್ಚ್ ೨ರಂದು ಅಲ್ಮೇರಿಯ ತಂಡದ ವಿರುದ್ಧ ಪುಯೋಲನು ಗೋಲೊಂದನ್ನು ಹೊಡೆದನು. ಎರಡೇ ದಿನಗಳ ಮೇಲೆ, ಮಾರ್ಚ್ ೪ರಂದು, ಋತುವಿನ ಕೊನೆಯಲ್ಲಿ ತಾನು ಕ್ಲಬ್ಬನ್ನು ಬಿಡುವುದಾಗಿ ಪ್ರಕಟಿಸಿದನು. ಶಸ್ತ್ರಚಿಕಿತ್ಸೆಗಳ ಬಳಿಕ, ತಾನು ಬಯಸುವ ಮಟ್ಟಕ್ಕೆ ಆಟ ಬರುತ್ತಿಲ್ಲವೆಂಬುದೇ ಆತನು ಕೊಟ್ಟ ಕಾರಣ. ಕ್ಲಬ್ಬಿನೊಡನೆ ಆತನ ಒಪ್ಪಂದ ೨೦೧೬ರ ವರೆಗೆ ಇತ್ತು. ಇನ್ನೆರಡು ವರ್ಷ ಸಂಬಳ ಪಡೆದು ಬೆಂಚಿನ ಮೇಲೆ ಕುಳಿತಿರಬಹುದಾಗಿತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮಾಡಲಾಗದ ಕೆಲಸದ ಸ್ಥಾನವನ್ನು ಹಿಡಿದುಕೊಂಡಿರಲು ಆತನ ಮನಸ್ಸು ಒಪ್ಪಲಿಲ್ಲ. ಹದಿನೈದು ಋತುಗಳು, ೫೯೩ ಅಧಿಕೃತ ಪಂದ್ಯಗಳು, ಒಂದೇ ಕ್ಲಬ್ಬು. ಗೋಲುಗಳು ೧೮. ಆ ಮೇ ೧೫ರಂದು ಬೀಳ್ಕೊಡುಗೆಯ ಸಮಾರಂಭ ನಡೆಯಿತು.

೮. ನಮಗೆ ಇದರಿಂದೇನು?

ವಿದ್ಯಾರ್ಥಿಗಳೇ, ಕ್ಸಾವಿಯ ದೃಷ್ಟಿ, ಇನಿಯೆಸ್ತನ ಪಾದ, ಮೆಸ್ಸಿಯ ಮಾಯೆ, ಇವು ಹುಟ್ಟಿನಿಂದ ಬಂದ ವರಗಳೆಂದು ಹೇಳಿ ನಾವು ಸುಮ್ಮನಾಗಬಹುದು. ಪುಯೋಲನ ವಿಷಯದಲ್ಲಿ ಹಾಗೆ ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ತಡವಾಗಿ ಬಂದನು, ಆದರೆ ಬಂದ ಮೇಲೆ ಕಲಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ ಸ್ಥಾನ ಯಾವುದೆಂದು ಅತ್ತುಕೊಳ್ಳದೆ, ಆ ಸ್ಥಾನಕ್ಕೆ ಬೇಕಾದುದನ್ನು ಕಲಿತನು. ಗೆದ್ದಾಗ ಸೋತವನನ್ನು ನೆನೆದನು, ಕಪ್ಪು ಬಂದಾಗ ಜೊತೆಗಾರನನ್ನು ಮುಂದೆ ಕಳುಹಿಸಿದನು. ಇವು ನೀವೂ ನಾನೂ ಮಾಡಬಹುದಾದ ಕೆಲಸಗಳು.

ತಂದೆತಾಯಿಗಳೇ, ನಿಮ್ಮ ಮನೆಯಲ್ಲಿಯೂ ಹಿಂದೆ ನಿಂತು ಕಾಯುವ ಮಕ್ಕಳಿದ್ದಾರೆ. ತಾಯಿ ಕೆಲಸಕ್ಕೆ ಹೋದಾಗ ತಮ್ಮನಿಗೆ ಗಂಜಿ ಬಡಿಸಿ, ಅವನ ಕೈಹಿಡಿದು ಶಾಲೆಗೆ ಕರೆತರುವ ಹುಡುಗಿಯನ್ನು ನಾನು ದಿನವೂ ನೋಡುತ್ತೇನೆ. ಮಳೆ ಬಂದಾಗ ಯಾರೂ ಹೇಳದೆಯೇ ತರಗತಿಯ ಕಿಟಕಿಗಳನ್ನು ಮುಚ್ಚುವ ಹುಡುಗನಿದ್ದಾನೆ. ಶಾಲೆ ಬಿಡಲು ಹೊರಟ ಗೆಳತಿಯ ಮನೆಗೆ ಮೂರು ಬಾರಿ ಹೋಗಿ ಅವಳನ್ನು ಮರಳಿ ಕರೆತಂದವಳಿದ್ದಾಳೆ. ಇವರು ತಡೆದ ನಷ್ಟಕ್ಕೆ ಅಂಕಪಟ್ಟಿಯಲ್ಲಿ ಅಂಕಣವಿಲ್ಲ. ಅಂಕಗಳು ಬೇಡವೆಂದು ನಾನು ಹೇಳುವುದಿಲ್ಲ. ಗೋಲು ಹೊಡೆಯದೆ ಪಂದ್ಯ ಗೆಲ್ಲಲು ಆಗದು. ಆದರೆ ಮಗುವಿನ ಲೆಕ್ಕವನ್ನು ಬರೆಯುವಾಗ ಈ ಪುಟವನ್ನೂ ತಿರುವಿ ನೋಡಿರಿ.

ನನ್ನ ಪಾಲಿನ ತಪ್ಪನ್ನು ಸರಿಪಡಿಸುವ ಸಣ್ಣ ಕೆಲಸವೊಂದನ್ನು ಆರಂಭಿಸಿದ್ದೇನೆ. ನಮ್ಮ ಶಾಲ��ಯ ಆಟದ ಪುಸ್ತಕದಲ್ಲಿ ಇದುವರೆಗೆ ಗೋಲು ಹೊಡೆದವರ ಹೆಸರನ್ನು ಮಾತ್ರ ಬರೆಯುತ್ತಿದ್ದೆವು. ಈ ವರ್ಷದಿಂದ ಗೋಲನ್ನು ತಡೆದವರ ಹೆಸರನ್ನೂ ಅದರ ಪಕ್ಕದಲ್ಲಿ ಬರೆಯಬೇಕೆಂದು ದೈಹಿಕ ಶಿಕ್ಷಕರಿಗೆ ತಿಳಿಸಿದ್ದೇನೆ. ಅದಕ್ಕಾಗಿ ಅವರು ಪಂದ್ಯವನ್ನು ಮೊದಲಿಗಿಂತ ಹೆಚ್ಚು ಎಚ್ಚರದಿಂದ ನೋಡಬೇಕಾಗಿದೆ. ಅದೇ ಒಂದು ಲಾಭ.

ಅಂದು ನನ್ನ ಬಾಗಿಲಲ್ಲಿ ನಿಂತ ಬಾಲಕನು ಈಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಈ ಸಂಚಿಕೆ ಅವನ ಕೈಗೂ ಸೇರುತ್ತದೆ. ಅವನೂ ಅವನ ತಂದೆಯೂ ಇದನ್ನು ಒಟ್ಟಿಗೆ ಕುಳಿತು ಓದಲಿ ಎಂಬುದೇ ನನ್ನ ಆಸೆ.

ಆಲೋಚಿಸಿ ಉತ್ತರಿಸಿರಿ

೧. ರಕ್ಷಣಾ ಆಟಗಾರನ ಕೆಲಸಗಳಲ್ಲಿ ಕಣ್ಣಿಗೆ ಕಾಣುವವು ಯಾವುವು? ಕಾಣದವು ಯಾವುವು?
೨. ಪುಯೋಲನು ಆಡಿದ ಸ್ಥಾನಗಳನ್ನು ಕ್ರಮವಾಗಿ ಬರೆಯಿರಿ. ಪ್ರತಿಯೊಂದು ಸ್ಥಾನದ ಅನುಭವ ಮುಂದಿನದಕ್ಕೆ ಹೇಗೆ ನೆರವಾಗಬಹುದು?
೩. ಎಂಟೇ ಗೋಲು ಹೊಡೆದ ತಂಡ ವಿಶ್ವಕಪ್ಪನ್ನು ಗೆಲ್ಲಲು ಹೇಗೆ ಸಾಧ್ಯವಾಯಿತು?
೪. ವೆಂಬ್ಲಿಯಲ್ಲಿ ಪುಯೋಲನು ತನ್ನ ಹಕ್ಕನ್ನು ಬಿಟ್ಟುಕೊಟ್ಟುದು ಏಕೆ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಪ್ರಾಮಾಣಿಕವಾಗಿ ಬರೆಯಿರಿ.
೫. ನಿಮ್ಮ ಮನೆಯಲ್ಲಿ ಅಥವಾ ತರಗತಿಯಲ್ಲಿ ಹಿಂದೆ ನಿಂತು ಕಾಯುವ ಒಬ್ಬರನ್ನು ಗುರುತಿಸಿ, ಅವರ ಬಗ್ಗೆ ಹತ್ತು ವಾಕ್ಯಗಳನ್ನು ಬರೆದು ಅವರಿಗೇ ಓದಿ ಹೇಳಿರಿ.